ಕೃತಕ ಕಾಲೂ ಮನಸ್ಸಿನ ಶ್ರಮವೂ

ಮನುಷ್ಯನು ಎದ್ದು ನಡೆಯುವಾಗ ತಾನು ನಡೆಯುತ್ತಿರುವೆನೆಂಬುದನ್ನು ನೆನೆಯುವುದೇ ಇಲ್ಲ. ಗೃಹಿಣಿಯು ಅಡಿಗೆಯ ಮನೆಯಿಂದ ನಡುಮನೆಗೆ ಹಾಲಿನ ಲೋಟವನ್ನು ಹಿಡಿದು ಬರುವಾಗ ಮಗುವಿನೊಡನೆ ಮಾತನಾಡುತ್ತಾಳೆ. ಒಲೆಯ ಮೇಲಿಟ್ಟು ಬಂದ ಸಾರನ್ನು ನೆನೆಯುತ್ತಾಳೆ. ಬಾಗಿಲಲ್ಲಿ ಕೂಗಿದವರಾರೆಂದು ಕಿವಿಗೊಡುತ್ತಾಳೆ. ಇಷ್ಟರ ನಡುವೆ ಹೊಸ್ತಿಲು ಬಂದಾಗ ಕಾಲು ತಾನಾಗಿಯೇ ಏಳುತ್ತದೆ. ಹೊಸ್ತಿಲನ್ನು ದಾಟಿದುದು ಅವಳ ಗಮನಕ್ಕೂ ಬರುವುದಿಲ್ಲ. ಏಕಕಾಲದಲ್ಲಿ ಎಂಟು ವಿಷಯಗಳಲ್ಲಿ ಮನಸ್ಸನ್ನು ನಿಲ್ಲಿಸುವ ಅಷ್ಟಾವಧಾನಿಯನ್ನು ಕಂಡು ನಾವು ಬೆರಗಾಗುತ್ತೇವಷ್ಟೆ. ಆದರೆ ನಡಿಗೆಯೆಂಬ ಮಹಾಕಾರ್ಯವನ್ನು ಅವಧಾನದ ಲೆಕ್ಕಕ್ಕೇ ಸೇರಿಸದೆ ನಡೆಸಿಕೊಂಡು ಹೋಗುತ್ತಿರುವುದರಿಂದಲೇ ನಮ್ಮಲ್ಲಿ ಪ್ರತಿಯೊಬ್ಬರೂ ದಿನವೂ ಹತ್ತಾರು ಕೆಲಸಗಳನ್ನು ಒಟ್ಟೊಟ್ಟಿಗೆ ಮಾಡಬಲ್ಲೆವೆಂಬುದನ್ನು ನಾವು ಯೋಚಿಸಿರುವುದಿಲ್ಲ.

ಕಾಲನ್ನು ಕಳೆದುಕೊಂಡು ಕೃತಕ ಕಾಲನ್ನು ಧರಿಸಿದವರಿಗೆ ಈ ಅನುಕೂಲವು ತಪ್ಪಿಹೋಗುತ್ತದೆ. ಅವರ ದೇಹಕ್ಕೆ ಆಗುವ ಆಯಾಸವು ಎಲ್ಲರ ಕಣ್ಣಿಗೂ ಬೀಳುತ್ತದೆ. ಮನಸ್ಸಿಗೆ ಆಗುವ ಆಯಾಸವಾದರೋ ಹತ್ತಿರದ ಬಂಧುಗಳಿಗೂ ಕಾಣಿಸದು. ನಮ್ಮ ದೇಶದಲ್ಲಿ ಮಧುಮೇಹದ ಹುಣ್ಣಿನಿಂದಲೂ ರಸ್ತೆಯ ಅಪಘಾತಗಳಿಂದಲೂ ಕಾಲನ್ನು ಕಳೆದುಕೊಳ್ಳುವವರು ಅನೇಕರಿರುವುದರಿಂದ ಈ ವಿಷಯವು ಯಾವ ಮನೆಗೂ ತೀರ ಪರಕೀಯವಾದುದಲ್ಲ. ಕೃತಕ ಕಾಲಿನ ರಚನೆಗೂ ಅದನ್ನು ಧರಿಸಿದವರ ಮನಶ್ಶ್ರಮಕ್ಕೂ ಇರುವ ಸಂಬಂಧವೇನು, ಈಚಿನ ಯಂತ್ರಗಳಿಂದ ಆ ಶ್ರಮವು ಎಷ್ಟುಮಟ್ಟಿಗೆ ಕಡಿಮೆಯಾಗಿದೆ, ಮನೆಯವರು ಮಾಡಬಹುದಾದುದೇನು ಎಂಬ ಮೂರು ಪ್ರಶ್ನೆಗಳನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಮೊದಲು ಸಹಜವಾದ ಕಾಲಿನ ಕೆಲಸವನ್ನು ನೋಡೋಣ. ಕಾಲು ಮೈಭಾರವನ್ನು ಹೊರುವ ಕಂಬ ಮಾತ್ರವಲ್ಲ. ಕ್ಷಣಕ್ಷಣಕ್ಕೂ ಸುದ್ದಿಯನ್ನು ಕಳುಹಿಸುತ್ತಿರುವ ದೂತನೂ ಹೌದು. ನೆಲವು ಗಟ್ಟಿಯೋ ಮೆತ್ತಗೋ, ಒಣಗಿದೆಯೋ ಜಾರುತ್ತಿದೆಯೋ ಎಂಬುದನ್ನು ಅಂಗಾಲಿನ ಚರ್ಮವು ತಿಳಿಸುತ್ತದೆ. ಮೊಣಕಾಲು ಎಷ್ಟು ಬಾಗಿದೆ, ಪಾದವು ಎತ್ತ ತಿರುಗಿದೆ, ಭಾರವು ಹಿಮ್ಮಡಿಯ ಮೇಲಿದೆಯೋ ಬೆರಳುಗಳ ಮೇಲಿದೆಯೋ ಎಂಬುದನ್ನು ಸ್ನಾಯುಗಳಲ್ಲಿಯೂ ಕೀಲುಗಳಲ್ಲಿಯೂ ಇರುವ ಸೂಕ್ಷ್ಮವಾದ ನರಗಳು ತಿಳಿಸುತ್ತವೆ. ಈ ಸುದ್ದಿಯ ಬಹುಭಾಗವು ಬೆನ್ನುಹುರಿಯಲ್ಲಿಯೂ ಚಿಕ್ಕ ಮೆದುಳಿನಲ್ಲಿಯೂ ಇತ್ಯರ್ಥವಾಗಿಹೋಗುತ್ತದೆ. ದೊಡ್ಡ ಮೆದುಳಿನ ಮುಂಭಾಗವು ಆಲೋಚನೆಗೂ ಯೋಜನೆಗೂ ಮೀಸಲಾದುದು. ಅಲ್ಲಿಯವರೆಗೆ ಬರುವ ಸುದ್ದಿ ಅತ್ಯಲ್ಪ. ನಂಬಿಗಸ್ತನಾದ ಗುಮಾಸ್ತನು ಸಣ್ಣಪುಟ್ಟ ಲೆಕ್ಕಗಳಿಗೆಲ್ಲ ಯಜಮಾನನನ್ನು ಕರೆಯದೆ ತಾನೇ ಬರೆದು ಮುಗಿಸುವಂತೆ ಈ ವ್ಯವಸ್ಥೆಯು ನಡೆಯುತ್ತದೆ.

ಕಾಲು ಹೋದಾಗ ಈ ಗುಮಾಸ್ತನಿಗೆ ಬರುತ್ತಿದ್ದ ಕಾಗದಪತ್ರಗಳು ನಿಂತುಹೋಗುತ್ತವೆ. ಕೃತಕ ಪಾದಕ್ಕೆ ಸ್ಪರ್ಶವಿಲ್ಲ. ಉಳಿದ ಕಾಲಿನ ತುದಿಯನ್ನು ಹಿಡಿದುಕೊಂಡಿರುವ ಗೂಡಿಗೆ ಸಾಕೆಟ್ ಎಂದು ಹೆಸರು. ಪಾದವು ನೆಲವನ್ನು ಮುಟ್ಟಿದಾಗ ಆ ಗೂಡಿನಲ್ಲಿ ಉಂಟಾಗುವ ಒತ್ತಡವೊಂದೇ ಧರಿಸಿದವರಿಗೆ ದೊರೆಯುವ ಸೂಚನೆ. ಕೈಗೆ ದಪ್ಪನೆಯ ಚೀಲವನ್ನು ಕಟ್ಟಿಕೊಂಡು, ಉದ್ದನೆಯ ಕೋಲೊಂದರಿಂದ ಕತ್ತಲೆಯಲ್ಲಿ ಪದಾರ್ಥಗಳನ್ನು ಮುಟ್ಟಿ ಗುರುತಿಸುವಂತೆ ಇದು ಅಸ್ಪಷ್ಟವಾದ ಜ್ಞಾನ. ಆದುದರಿಂದ ಕಣ್ಣು ಕಾಲಿನ ಕೆಲಸವನ್ನು ವಹಿಸಿಕೊಳ್ಳಬೇಕಾಗುತ್ತದೆ. ಕೃತಕ ಕಾಲಿನವರು ನೆಲವನ್ನು ನೋಡುತ್ತ ನಡೆಯುವುದು ಸಂಕೋಚದಿಂದಲೇ ಎಂದು ತಿಳಿಯಬಾರದು. ಹಾಗೆ ನೋಡದಿದ್ದರೆ ಅನೇಕರಿಗೆ ಹೆಜ್ಜೆಯಿಡುವುದಾಗದು. ಮಧುಮೇಹದಿಂದ ಒಂದು ಕಾಲು ಹೋದವರಲ್ಲಿ ಉಳಿದ ಕಾಲಿನ ಸ್ಪರ್ಶವೂ ಮಂದವಾಗಿರುವುದುಂಟು. ಅಂಥವರ ಕಣ್ಣು ಎರಡು ಕಾಲುಗಳ ಕೆಲಸವನ್ನೂ ಮಾಡಬೇಕು.

ಮೊಣಕಾಲಿನಿಂದ ಕೆಳಗೆ ಕಾಲು ಹೋದವರಿಗಿಂತ ಮೊಣಕಾಲಿನಿಂದ ಮೇಲೆ ಹೋದವರ ಕಷ್ಟವು ಹೆಚ್ಚಿನದು. ಏಕೆಂದರೆ ಮೊಣಕಾಲು ಎರಡು ವಿರುದ್ಧವಾದ ಕಾರ್ಯಗಳನ್ನು ಮಾಡಬೇಕಾಗಿದೆ. ಮೈಭಾರವು ಮೇಲೆ ಬಿದ್ದಾಗ ಬಾಗದೆ ಗಟ್ಟಿಯಾಗಿ ನಿಲ್ಲಬೇಕು. ಹೆಜ್ಜೆಯನ್ನು ಎತ್ತಿದಾಗ ಸಡಿಲವಾಗಿ ಬಾಗಿ, ಮತ್ತೆ ಚಾಚಿಕೊಳ್ಳಬೇಕು. ಸಾಮಾನ್ಯವಾದ ಯಾಂತ್ರಿಕ ಮೊಣಕಾಲಿನಲ್ಲಿ ಈ ಬದಲಾವಣೆಯ ಹೊಣೆಯು ಬಹುಮಟ್ಟಿಗೆ ಧರಿಸಿದವರ ಮೇಲೆಯೇ ಇರುತ್ತದೆ. ಹಿಮ್ಮಡಿಯು ನೆಲವನ್ನು ಮುಟ್ಟುವ ಮೊದಲು ಕೆಳಗಾಲು ಪೂರ್ತಿಯಾಗಿ ಮುಂದಕ್ಕೆ ಬಂದಿದೆಯೇ ಎಂದು ಕಾಯಬೇಕು. ಬಂದ ಮೇಲೆ ತೊಡೆಯನ್ನು ಹಿಂದಕ್ಕೆ ಒತ್ತಿ ಕೀಲನ್ನು ನೇರವಾಗಿ ಹಿಡಿಯಬೇಕು. ಅನಂತರವೇ ಭಾರವನ್ನು ಬಿಡಬೇಕು. ಸ್ವಲ್ಪ ಅವಸರವಾದರೂ, ಪಾದವು ಸಣ್ಣ ಕಲ್ಲಿಗೆ ತಾಗಿದರೂ, ಕೀಲು ಮಡಿಸಿಕೊಂಡು ಮನುಷ್ಯನು ಬೀಳುತ್ತಾನೆ. ಈ ಭಯವನ್ನು ತಪ್ಪಿಸಲು ಕೀಲಿಗೆ ಬೀಗವನ್ನು ಹಾಕುವ ಪದ್ಧತಿಯೂ ಇದೆ. ಆಗ ಬೀಳುವ ಚಿಂತೆಯು ಕಡಿಮೆಯಾಗುತ್ತದೆ. ಆದರೆ ಕಾಲನ್ನು ಕೋಲಿನಂತೆ ಎತ್ತಿ ಸುತ್ತಿಹಾಕಬೇಕಾಗಿ ದೇಹದ ಆಯಾಸವು ಹೆಚ್ಚುತ್ತದೆ. ಹೀಗೆ ಕೆಲವು ಕಾಲುಗಳು ಮನಸ್ಸಿನಿಂದ ಸಾಲವನ್ನು ತೆಗೆದು ದೇಹಕ್ಕೆ ಕೊಡುತ್ತವೆ. ಕೆಲವು ದೇಹದಿಂದ ತೆಗೆದು ಮನಸ್ಸಿಗೆ ಕೊಡುತ್ತವೆ.

ಮನಸ್ಸಿನ ಶ್ರಮವನ್ನು ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆಂದು ವಾಚಕರು ಕೇಳಬಹುದು. ವಿದ್ವಾಂಸರು ಇದಕ್ಕೊಂದು ಸರಳವಾದ ಉಪಾಯವನ್ನು ಕಂಡುಕೊಂಡಿದ್ದಾರೆ. ನಡೆಯುತ್ತಿರುವವರಿಗೆ ಅದೇ ಸಮಯದಲ್ಲಿ ಇನ್ನೊಂದು ಕೆಲಸವನ್ನು ಕೊಟ್ಟು, ಎರಡರಲ್ಲಿ ಯಾವುದು ಕೆಡುವುದೆಂದು ನೋಡುವುದೇ ಆ ಉಪಾಯ. ಸ್ವೀಡನ್ ದೇಶದ ಸಂಶೋಧಕರು ೧೯೯೭ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಒಂದು ಸಣ್ಣ ಲೇಖನವನ್ನು ಪ್ರಕಟಿಸಿದರು. ವೃದ್ಧರೊಡನೆ ಹೆಜ್ಜೆಹಾಕುತ್ತ ಮಾತು ತೆಗೆದಾಗ ಯಾರು ಉತ್ತರ ಹೇಳುವುದಕ್ಕೋಸ್ಕರ ನಡೆಯುವುದನ್ನು ನಿಲ್ಲಿಸುತ್ತಿದ್ದರೋ ಅವರೇ ಮುಂದಿನ ತಿಂಗಳುಗಳಲ್ಲಿ ಹೆಚ್ಚಾಗಿ ಬಿದ್ದರೆಂದು ಅವರು ಕಂಡರು. ಕಾಲು ಕಳೆದುಕೊಂಡವರನ್ನು ಕುರಿತ ಲೇಖನವಲ್ಲದಿದ್ದರೂ ಅದರ ತಾತ್ಪರ್ಯವು ಇಲ್ಲಿಯೂ ಸಲ್ಲುತ್ತದೆ. ಮಾತಿಗಾಗಿ ಹೆಜ್ಜೆ ನಿಲ್ಲುವುದಾದರೆ ಮಾತಿಗೂ ಹೆಜ್ಜೆಗೂ ಒಂದೇ ಭಂಡಾರದಿಂದ ವೆಚ್ಚವಾಗುತ್ತಿದೆ ಎಂದೇ ಅರ್ಥ.

ಕಾಲು ಕಳೆದುಕೊಂಡವರನ್ನೇ ಹೀಗೆ ಪರೀಕ್ಷಿಸಿದ ಪ್ರಯತ್ನಗಳಲ್ಲಿ ನೆದರ್ಲೆಂಡ್ಸ್ ದೇಶದವರು ೧೯೯೧ರಲ್ಲಿ ಪ್ರಕಟಿಸಿದುದು ಗಮನಾರ್ಹವಾಗಿದೆ. ಅದರಲ್ಲಿ ಉಪಯೋಗಿಸಿದ ಪರೀಕ್ಷೆಯನ್ನು ಮನೆಯಲ್ಲಿ ಮಕ್ಕಳೂ ಮಾಡಿನೋಡಬಹುದು. ‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲಿಯೂ ‘ಹಳದಿ’ ಎಂಬುದನ್ನು ನೀಲಿಯಲ್ಲಿಯೂ ಬರೆದು, ಪದವನ್ನು ಓದದೆ ಬಣ್ಣವನ್ನು ಮಾತ್ರ ಹೇಳಬೇಕು. ನಾಲಗೆಯು ಪದದ ಕಡೆಗೇ ಓಡುವುದರಿಂದ ಇದಕ್ಕೆ ಬಹಳ ಎಚ್ಚರ ಬೇಕು. ಕೃತಕ ಕಾಲನ್ನು ಹೊಸದಾಗಿ ಧರಿಸಿ ನಿಂತವರಿಗೆ ಈ ಪರೀಕ್ಷೆಯನ್ನು ಕೊಟ್ಟಾಗ ಅವರ ಮೈ ಹೆಚ್ಚಾಗಿ ತೂಗಾಡಿತು. ಚಿಕಿತ್ಸಾಲಯದ ಶಿಕ್ಷಣವು ಮುಗಿದ ಮೇಲೆ ಅದೇ ಪರೀಕ್ಷೆಯನ್ನು ಕೊಟ್ಟರೆ ತೂಗಾಟವು ಅಷ್ಟಾಗಿ ಹೆಚ್ಚಲಿಲ್ಲ. ಮೊದಲು ಬುದ್ಧಿಪೂರ್ವಕವಾಗಿ ಮಾಡಬೇಕಾಗಿದ್ದ ಕೆಲಸದ ಸ್ವಲ್ಪ ಭಾಗವನ್ನಾದರೂ ದೇಹವು ತನ್ನ ವಶಕ್ಕೆ ತೆಗೆದುಕೊಂಡಿತೆಂದು ಇದರಿಂದ ತಿಳಿಯುತ್ತದೆ. ಅಭ್ಯಾಸದಿಂದ ಮನಶ್ಶ್ರಮವು ಕಡಿಮೆಯಾಗುತ್ತದೆಂಬುದಕ್ಕೆ ಇದು ಒಳ್ಳೆಯ ಆಧಾರ. ೧೯೮೧ರಲ್ಲಿ ಅಪಘಾತದಿಂದ ಬಲಗಾಲನ್ನು ಕಳೆದುಕೊಂಡ ನರ್ತಕಿ ಶ್ರೀಮತಿ ಸುಧಾ ಚಂದ್ರನ್ ಅವರು ಕೃತಕ ಕಾಲಿನಿಂದಲೇ ಅಭ್ಯಾಸಮಾಡಿ ೧೯೮೪ರಲ್ಲಿ ಮತ್ತೆ ರಂಗವನ್ನೇರಿದುದು ನಮ್ಮ ದೇಶದಲ್ಲಿ ಅನೇಕರಿಗೆ ತಿಳಿದ ಸಂಗತಿ. ರಂಗದ ಮೇಲೆ ಕಂಡ ಆ ಸಹಜತೆಯ ಹಿಂದೆ ಎಷ್ಟು ದಿನಗಳ ಎಚ್ಚರವಿದ್ದಿತೆಂಬುದನ್ನು ಊಹಿಸಬಹುದು.

ಈ ಎಚ್ಚರವು ವ್ಯರ್ಥವಾದ ಭೀತಿಯಲ್ಲ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಕಾಲು ಕಳೆದುಕೊಂಡ ೪೩೫ ಜನರನ್ನು ವಿಚಾರಿಸಿ ೨೦೦೧ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ನೂರಕ್ಕೆ ೫೨ ಮಂದಿ ಹಿಂದಿನ ಹನ್ನೆರಡು ತಿಂಗಳಲ್ಲಿ ಒಮ್ಮೆಯಾದರೂ ಬಿದ್ದಿದ್ದರು. ನೂರಕ್ಕೆ ೪೯ ಮಂದಿಗೆ ಬೀಳುವ ಭಯವಿದ್ದಿತು. ಭಯವಿದ್ದವರು ಹೊರಗೆ ಹೋಗುವುದನ್ನು ಕಡಿಮೆಮಾಡುತ್ತಾರೆ. ಹೊರಗೆ ಹೋಗದಿದ್ದರೆ ಅಭ್ಯಾಸ ತಪ್ಪುತ್ತದೆ. ಅಭ್ಯಾಸ ತಪ್ಪಿದರೆ ಪ್ರತಿ ಹೆಜ್ಜೆಗೂ ಇನ್ನೂ ಹೆಚ್ಚಿನ ಎಚ್ಚರ ಬೇಕಾಗುತ್ತದೆ. ಹೀಗೆ ಒಂದು ವಿಷವರ್ತುಲವು ಕಟ್ಟಿಕೊಳ್ಳುತ್ತದೆ.

ಇನ್ನು ಯಂತ್ರಗಳ ವಿಷಯ. ಫ್ರಾನ್ಸ್ ದೇಶದ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ ಎಂಬಾತನು ಹದಿನಾರನೆಯ ಶತಮಾನದಲ್ಲಿಯೇ ಮೊಣಕಾಲಿನ ಕೀಲಿಗೆ ಬೀಗವಿರುವ ಕಾಲನ್ನು ಯೋಜಿಸಿದ್ದನು. ೧೮೧೫ರ ವಾಟರ್ಲೂ ಯುದ್ಧದಲ್ಲಿ ಕಾಲನ್ನು ಕಳೆದುಕೊಂಡ ಇಂಗ್ಲೆಂಡಿನ ಆಂಗ್ಲಸಿ ಪ್ರಭುವಿಗೆ ಲಂಡನ್ನಿನ ಜೇಮ್ಸ್ ಪಾಟ್ಸ್ ಎಂಬ ಕುಶಲಿಯು ಮಾಡಿಕೊಟ್ಟ ಮರದ ಕಾಲಿನಲ್ಲಿ, ಮೊಣಕಾಲು ಬಾಗಿದರೆ ಪಾದವೂ ಏಳುವಂತೆ ಒಳಗೆ ಕರುಳಿನ ಹುರಿಗಳನ್ನು ಹೂಡಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಎಣ್ಣೆಯ ಒತ್ತಡದಿಂದಲೂ ಗಾಳಿಯ ಒತ್ತಡದಿಂದಲೂ ಕೆಳಗಾಲಿನ ಬೀಸನ್ನು ತಡೆಹಿಡಿಯುವ ಕೀಲುಗಳು ಬಂದುವು. ಆದರೆ ಅವುಗಳಲ್ಲಿ ತಡೆಯ ಪ್ರಮಾಣವನ್ನು ಸಾಮಾನ್ಯವಾಗಿ ಒಂದು ವೇಗಕ್ಕೆ ಹೊಂದಿಸಿಡಬೇಕಾಗಿದ್ದಿತು. ಮನುಷ್ಯನೇ ಯಂತ್ರದ ವೇಗಕ್ಕೆ ಹೊಂದಿಕೊಂಡು ನಡೆಯಬೇಕೇ ಹೊರತು ಯಂತ್ರವು ಮನುಷ್ಯನಿಗೆ ಹೊಂದಿಕೊಳ್ಳುತ್ತಿರಲಿಲ್ಲ.

ಈ ಸಂಬಂಧವನ್ನು ತಿರುಗಿಸಿದುದು ಮೈಕ್ರೋಪ್ರೊಸೆಸರ್, ಎಂದರೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಗಣಕ. ಇಂಗ್ಲೆಂಡಿನ ಬ್ಲಾಚ್‌ಫೋರ್ಡ್ ಸಂಸ್ಥೆಯು ೧೯೯೩ರಲ್ಲಿ ಮಾರುಕಟ್ಟೆಗೆ ತಂದ ಕಾಲಿನಲ್ಲಿ ಗಣಕವು ಕೆಳಗಾಲಿನ ಬೀಸನ್ನು ಮಾತ್ರ ನಡಿಗೆಯ ವೇಗಕ್ಕೆ ತಕ್ಕಂತೆ ಹೊಂದಿಸುತ್ತಿದ್ದಿತು. ೧೯೯೭ರಲ್ಲಿ ಜರ್ಮನಿಯ ಓಟ್ಟೋ ಬಾಕ್ ಸಂಸ್ಥೆಯವರು ‘ಸಿ-ಲೆಗ್’ ಎಂಬ ಕಾಲನ್ನು ಪ್ರದರ್ಶಿಸಿದರು. ಅದರಲ್ಲಿ ಕೀಲಿನ ಕೋನವನ್ನೂ ಅದರ ಮೇಲೆ ಬಿದ್ದ ಭಾರವನ್ನೂ ಸಂವೇದಕಗಳು ಸೆಕೆಂಡಿಗೆ ೫೦ ಸಲ ಅಳೆಯುತ್ತಿದ್ದುವು. ಆ ಅಳತೆಯಂತೆ ಗಣಕವು ಎಣ್ಣೆಯ ದಾರಿಯನ್ನು ಕಿರಿದುಮಾಡಿ ಕೀಲನ್ನು ಬಿಗಿಗೊಳಿಸುತ್ತಿದ್ದಿತು, ಅಗಲಮಾಡಿ ಸಡಿಲಗೊಳಿಸುತ್ತಿದ್ದಿತು. ನಿಲ್ಲುವಾಗಿನ ಭದ್ರತೆಯನ್ನೂ ಬೀಸುವಾಗಿನ ಸಡಿಲವನ್ನೂ ಎರಡನ್ನೂ ಗಣಕವೇ ನೋಡಿಕೊಂಡಿತು. ಎಡವಿದಾಗ ಕೀಲು ಕೂಡಲೇ ಬಿಗಿಯಾಗಿ ಭಾರವನ್ನು ಹಿಡಿಯಲು ಯತ್ನಿಸುತ್ತದೆ. ನಾವು ಮೇಲೆ ಹೇಳಿದ ಗುಮಾಸ್ತನ ಸ್ಥಾನದಲ್ಲಿ ಹೊಸಬನೊಬ್ಬನನ್ನು ನೇಮಿಸಿದಂತಾಯಿತು.

ಈ ಹೊಸ ಗುಮಾಸ್ತನು ಯಜಮಾನನ ಹೊರೆಯನ್ನು ನಿಜವಾಗಿಯೂ ಇಳಿಸಿದನೆ? ಇಲ್ಲಿ ನಾವು ಜಾಹೀರಾತುಗಳ ಮಾತನ್ನು ಬಿಟ್ಟು ಪರೀಕ್ಷೆಗಳ ಮಾತನ್ನು ಕೇಳಬೇಕು. ಇಂಗ್ಲೆಂಡಿನಲ್ಲಿ ಗಣಕವುಳ್ಳ ಆ ಮೊದಲ ಬಗೆಯ ಕಾಲನ್ನು ಸಾಧಾರಣ ಕಾಲಿನೊಡನೆ ಹೋಲಿಸಿ ೨೦೦೦ದಲ್ಲಿ ಪ್ರಕಟಿಸಿದ ಸಣ್ಣ ಪರೀಕ್ಷೆಯಲ್ಲಿ ಮನಶ್ಶ್ರಮದ ಸ್ಪಷ್ಟವಾದ ಅಂತರವು ಕಂಡುಬರಲಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ ಸಿ-ಲೆಗ್ಗನ್ನು ಕುರಿತು ನಡೆದು ೨೦೦೬ರಲ್ಲಿ ಪ್ರಕಟವಾದ ಪರೀಕ್ಷೆಯ ಫಲವು ಇನ್ನೂ ವಿಚಿತ್ರವಾಗಿದೆ. ಹೊಸ ಕಾಲಿನಲ್ಲಿ ನಡೆಯುವಾಗ ಕಡಿಮೆ ಗಮನ ಸಾಕಾಗುತ್ತದೆಂದು ಧರಿಸಿದವರು ಹೇಳಿದರು. ಆದರೆ ನಡೆಯುತ್ತ ಅವರಿಗೆ ಕೊಟ್ಟ ಬುದ್ಧಿಯ ಕೆಲಸಗಳಲ್ಲಿ ಎರಡು ಕಾಲುಗಳ ನಡುವೆ ವ್ಯತ್ಯಾಸವೇನೂ ತೋರಲಿಲ್ಲ.

ಧರಿಸಿದವರ ಮಾತು ಸುಳ್ಳೆನ್ನೋಣವೆ, ಪರೀಕ್ಷೆಯು ತಪ್ಪೆನ್ನೋಣವೆ? ಎರಡೂ ಅಲ್ಲವೆಂದು ನಮಗೆ ತೋರುತ್ತದೆ. ಮನೆಯಲ್ಲಿ ವರಮಾನ ಕಡಿಮೆಯಾದಾಗಲೂ ಜಾಣೆಯಾದ ಗೃಹಿಣಿಯು ಅತಿಥಿಗಳ ಮುಂದೆ ಅದೇ ಊಟವನ್ನು ಬಡಿಸುವಳು. ಎಲೆಯನ್ನು ನೋಡಿದವರಿಗೆ ಕೊರತೆಯು ತಿಳಿಯದು. ಉಗ್ರಾಣವನ್ನು ನೋಡಿದವರಿಗೆ ಮಾತ್ರ ತಿಳಿಯುವುದು. ಅದರಂತೆ ಮನುಷ್ಯನು ಹೆಚ್ಚು ಶ್ರಮಪಟ್ಟು ಕೆಲಸದ ಫಲವನ್ನು ಕೆಡದಂತೆ ಕಾಪಾಡಿಕೊಳ್ಳಬಲ್ಲನು. ಮೇಲಾಗಿ ಪರೀಕ್ಷಾಲಯದ ನೆಲವು ಸಮವಾದುದು, ದಾರಿಯು ಚಿಕ್ಕದು. ಅಲ್ಲಿ ಸಂತೆಯ ನೂಕಾಟವಿಲ್ಲ, ಮಳೆಗಾಲದ ಕೆಸರಿಲ್ಲ.

ಉಗ್ರಾಣವನ್ನೇ ನೋಡುವ ಪ್ರಯತ್ನವೂ ನಡೆದಿದೆ. ಮೆದುಳಿನ ಯಾವ ಭಾಗವು ಹೆಚ್ಚು ದುಡಿಯುತ್ತದೆಯೋ ಅಲ್ಲಿಗೆ ಆಮ್ಲಜನಕವುಳ್ಳ ರಕ್ತವು ಹೆಚ್ಚಾಗಿ ಹರಿಯುತ್ತದೆ. ಹಣೆಯ ಮೇಲೆ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಹಾಯಿಸಿ, ಹಿಂದಿರುಗಿದ ಬೆಳಕಿನಿಂದ ಈ ಹರಿವನ್ನು ಅಳೆಯಬಹುದು. ಸ್ವೀಡನ್ನಿನ ಸಂಶೋಧಕರು ೨೦೧೯ರಲ್ಲಿ ಪ್ರಕಟಿಸಿದಂತೆ, ಗಣಕವಿಲ್ಲದ ಮೊಣಕಾಲನ್ನು ಧರಿಸಿದವರು ನಡೆಯುವಾಗ ಮೆದುಳಿನ ಮುಂಭಾಗವು ಹೆಚ್ಚಾಗಿ ದುಡಿಯುತ್ತಿದ್ದಿತು; ಗಣಕವುಳ್ಳ ಮೊಣಕಾಲಿನವರಲ್ಲಿ ಈ ದುಡಿತವು ಕಡಿಮೆಯಾಗಿದ್ದಿತು. ಧರಿಸಿದವರು ಬಹುಕಾಲದಿಂದ ಬಾಯಲ್ಲಿ ಹೇಳುತ್ತಿದ್ದುದಕ್ಕೆ ಹೀಗೆ ಸ್ವಲ್ಪ ಸಾಕ್ಷ್ಯವು ದೊರೆತಂತಾಯಿತು. ಪರೀಕ್ಷೆಗಳಲ್ಲಿ ಭಾಗವಹಿಸಿದವರ ಸಂಖ್ಯೆಯು ಚಿಕ್ಕದು. ಆದುದರಿಂದ ಗಣಕದ ಮೊಣಕಾಲು ಮನಸ್ಸನ್ನು ಪೂರ್ತಿಯಾಗಿ ಬಿಡುಗಡೆಮಾಡಿತೆಂದು ಯಾರೂ ಹೇಳಲಾರರು. ಹೊರೆಯನ್ನು ಸ್ವಲ್ಪ ಇಳಿಸುತ್ತದೆಂದು ಹೇಳುವುದು ನ್ಯಾಯ. ಅದಕ್ಕೂ ತನ್ನದೇ ಆದ ಚಿಂತೆಯುಂಟು: ಬ್ಯಾಟರಿಗೆ ತಪ್ಪದೆ ವಿದ್ಯುತ್ತನ್ನು ತುಂಬುತ್ತಿರಬೇಕು.

ಈ ಗುಮಾಸ್ತನಲ್ಲಿ ಇನ್ನೊಂದು ಕೊರತೆಯಿದೆ. ಅವನು ಕೆಲಸವನ್ನು ಮಾಡುತ್ತಾನೆ, ಆದರೆ ವರದಿಯನ್ನು ಒಪ್ಪಿಸುವುದಿಲ್ಲ. ಕೀಲಿಗೆ ನೆಲವು ತಿಳಿದರೂ ಧರಿಸಿದವರಿಗೆ ತಿಳಿಯುವುದಿಲ್ಲ. ಆದುದರಿಂದ ಕಳೆದುಹೋದ ಸ್ಪರ್ಶವನ್ನೇ ಹಿಂದಕ್ಕೆ ಕೊಡಬಹುದೇ ಎಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ತಾಂತ್ರಿಕ ವಿದ್ಯಾಪೀಠದವರು ಸರ್ಬಿಯಾ ದೇಶದ ಬೆಲ್ಗ್ರೇಡಿನ ವೈದ್ಯರೊಡನೆ ಸೇರಿ ಪ್ರಯತ್ನಿಸಿದರು. ಕೃತಕ ಪಾದದ ಅಡಿಯಲ್ಲಿ ಸಂವೇದಕಗಳನ್ನಿರಿಸಿ, ತೊಡೆಯಲ್ಲಿ ಉಳಿದಿರುವ ನರಕ್ಕೆ ಕೂದಲಿನಂತೆ ಸಣ್ಣದಾದ ತಂತಿಗಳನ್ನು ಶಸ್ತ್ರಕ್ರಿಯೆಯಿಂದ ಸೇರಿಸಿ, ಪಾದದ ಸುದ್ದಿಯನ್ನು ವಿದ್ಯುತ್ತಿನ ಮೂಲಕ ನರಕ್ಕೆ ತಲುಪಿಸಿದರು. ಇಬ್ಬರು ಸ್ವಯಂಸೇವಕರ ಮೇಲೆ ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪರ್ಶವು ದೊರೆತಾಗ ಅವರು ಹೆಚ್ಚು ವೇಗವಾಗಿ ನಡೆದರು. ಅವರಿಗೆ ಬೇಕಾದ ಆಮ್ಲಜನಕವೂ ಮನಸ್ಸಿನ ಶ್ರಮವೂ ತಗ್ಗಿದುವು. ಇಲ್ಲದ ಕಾಲಿನಲ್ಲಿ ಕಾಡುತ್ತಿದ್ದ ನೋವು ಕೂಡ ಕಡಿಮೆಯಾಯಿತು.

ಅದೇ ವಿದ್ವಾಂಸರು ೨೦೨೧ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವು ಮನೋಹರವಾದುದು. ಕೃತಕ ಕಾಲಿನ ತೂಕವು ಸಹಜವಾದ ಕಾಲಿಗಿಂತ ಸಾಮಾನ್ಯವಾಗಿ ಕಡಿಮೆ. ಹೀಗಿದ್ದರೂ ಧರಿಸಿದವರು ಅದನ್ನು ಭಾರವೆಂದು ದೂರುತ್ತಾರೆ. ಸ್ಪರ್ಶವನ್ನು ಕೊಟ್ಟಾಗ, ಒಬ್ಬ ಸ್ವಯಂಸೇವಕರಿಗೆ ಅದೇ ಕಾಲು ನೂರಕ್ಕೆ ೨೩ ಪಾಲು ಹಗುರವಾಗಿ ತೋರಿತು. ಐದು ಅಕ್ಷರಗಳ ಪದಗಳನ್ನು ಹಿಂದುಮುಂದಾಗಿ ಹೇಳುತ್ತ ನಡೆಯುವ ಪರೀಕ್ಷೆಯಲ್ಲಿ ನಡಿಗೆಯೂ ಚುರುಕಾಯಿತು, ಪದಗಳ ತಪ್ಪೂ ಕಡಿಮೆಯಾಯಿತು. ಕಾಲಿನ ತೂಕದಲ್ಲಿ ಗುಂಜಿಯಷ್ಟೂ ಬದಲಾಗಲಿಲ್ಲ. ತನ್ನದೆಂದು ತಿಳಿದ ಹೊರೆಯು ಹಗುರ, ಪರರದೆಂದು ತಿಳಿದುದು ಭಾರ. ಮಗುವನ್ನು ಎತ್ತಿಕೊಂಡ ತಾಯಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಒಬ್ಬಿಬ್ಬರ ಮೇಲೆ ನಡೆದ ಪ್ರಯೋಗವಾದುದರಿಂದ ಇದನ್ನು ಭರವಸೆಯೆಂದು ಮಾತ್ರ ಎಣಿಸತಕ್ಕದ್ದು.

ಹೊರದೇಶಗಳ ಈ ವೃತ್ತಾಂತವನ್ನು ಓದಿದ ಗೃಹಸ್ಥರು, ಇದೆಲ್ಲವೂ ಧನವಂತರ ಮಾತಲ್ಲವೆ ಎಂದು ಕೇಳುವುದು ಸಹಜ. ನಮ್ಮ ಬಾಹ್ಯಾಕಾಶ ಸಂಸ್ಥೆಯಾದ ಇಸ್ರೋದವರು ೨೦೨೨ರಲ್ಲಿ ತಿಳಿಸಿದಂತೆ, ವಿದೇಶದಿಂದ ತರಿಸುವ ಗಣಕದ ಮೊಣಕಾಲುಗಳಿಗೆ ಆಗ ೧೦ರಿಂದ ೬೦ ಲಕ್ಷ ರೂಪಾಯಿಗಳವರೆಗೆ ಬೆಲೆಯಿದ್ದಿತು. ಇದಕ್ಕೆ ಬದಲಾಗಿ ಸುಮಾರು ೧.೬ ಕಿಲೋಗ್ರಾಂ ತೂಕದ ಮೊಣಕಾಲೊಂದನ್ನು ತಮ್ಮಲ್ಲಿಯೇ ಸಿದ್ಧಪಡಿಸಿರುವುದಾಗಿಯೂ, ಅದನ್ನು ಧರಿಸಿದವರೊಬ್ಬರು ಸ್ವಲ್ಪ ಆಸರೆಯಿಂದ ನೂರು ಮೀಟರುಗಳಷ್ಟು ನಡೆದುದಾಗಿಯೂ, ಬೆಲೆಯು ಹತ್ತು ಪಾಲು ಕಡಿಮೆಯಾಗಬಹುದೆಂದೂ ಅವರು ಅದೇ ವರ್ಷ ಪ್ರಕಟಿಸಿದರು.

ಆದರೆ ಮನಶ್ಶ್ರಮವನ್ನು ಕಡಿಮೆಮಾಡಲು ಗಣಕವೇ ಬೇಕೆಂದಿಲ್ಲ. ಜಯಪುರದ ಪಾದವನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಅಲ್ಲಿಯ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಮೋದ ಕರಣ ಸೇಠಿಯವರೂ ಕುಶಲಶಿಲ್ಪಿ ರಾಮಚಂದ್ರ ಶರ್ಮರೂ ೧೯೬೮ರ ಸುಮಾರಿಗೆ ರಬ್ಬರು, ಮರ ಮುಂತಾದುವುಗಳಿಂದ ಈ ಪಾದವನ್ನು ರೂಪಿಸಿದರು. ಅದಕ್ಕೆ ಮೊದಲು ಪಾಶ್ಚಾತ್ಯ ಮಾದರಿಯ ಕಾಲುಗಳನ್ನು ಪಡೆದವರು ಎಷ್ಟೋ ಮಂದಿ ಅವುಗಳನ್ನು ಮೂಲೆಯಲ್ಲಿಟ್ಟು ಊರುಗೋಲನ್ನೇ ಹಿಡಿಯುತ್ತಿದ್ದರು. ಆ ಕಾಲುಗಳಿಗೆ ಬೂಟು ಬೇಕು. ನಮ್ಮ ಮನೆಗಳಲ್ಲಿ ಬೂಟನ್ನು ಹೊರಗೆ ಬಿಡಬೇಕು. ಅವುಗಳಿಂದ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳುವುದಕ್ಕಾಗಲಿ, ಕುಕ್ಕರಿಸುವುದಕ್ಕಾಗಲಿ, ಗದ್ದೆಯ ಕೆಸರಿನಲ್ಲಿ ಇಳಿಯುವುದಕ್ಕಾಗಲಿ ಆಗುತ್ತಿರಲಿಲ್ಲ. ಜಯಪುರದ ಪಾದವು ಬರಿಗಾಲಿನಂತೆಯೇ ನಡೆಯುತ್ತದೆ, ನೀರಿಗೆ ಅಂಜುವುದಿಲ್ಲ, ಎಲ್ಲ ಕಡೆಗೂ ಬಾಗುತ್ತದೆ. ಡಾಕ್ಟರ್ ಸೇಠಿಯವರಿಗೆ ೧೯೮೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ೧೯೭೫ರಲ್ಲಿ ಸ್ಥಾಪಿತವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯವರು ಈ ಕಾಲುಗಳನ್ನು ಉಚಿತವಾಗಿ ಒದಗಿಸುತ್ತ ಬಂದಿದ್ದಾರೆ. ಹೊಸ್ತಿಲಿನಲ್ಲಿ, ಬಚ್ಚಲಿನಲ್ಲಿ, ಊಟದ ಪಂಕ್ತಿಯಲ್ಲಿ, ‘ಇಲ್ಲಿ ನನ್ನ ಕಾಲು ಏನು ಮಾಡೀತು’ ಎಂದು ದಿನಕ್ಕೆ ನೂರು ಸಲ ಎಣಿಸಬೇಕಾದವರ ಆ ಎಣಿಕೆಯನ್ನು ತಪ್ಪಿಸುವುದೂ ಮನಸ್ಸಿಗೆ ಕೊಟ್ಟ ಬಿಡುಗಡೆಯೇ ಸರಿ.

ಇನ್ನು ಮನೆಯವರ ಕರ್ತವ್ಯ. ಮೊದಲನೆಯದು, ಗೂಡು ಸರಿಯಾಗಿ ಹೊಂದಿದೆಯೇ ಎಂದು ವಿಚಾರಿಸುವುದು. ಉಳಿದ ಕಾಲಿನ ಗಾತ್ರವು ಬೆಳಗಿನಿಂದ ಸಂಜೆಗೆ ವ್ಯತ್ಯಾಸವಾಗುವುದುಂಟು. ಮೊದಲ ವರ್ಷದಲ್ಲಿ ತಿಂಗಳಿಂದ ತಿಂಗಳಿಗೂ ಬದಲಾಗುತ್ತದೆ. ಉಜ್ಜುವ, ಒತ್ತುವ, ಜಾರುವ ಗೂಡು ಪ್ರತಿ ಹೆಜ್ಜೆಯಲ್ಲಿಯೂ ಗಮನವನ್ನು ಕದಿಯುತ್ತದೆ. ಎಷ್ಟೇ ಬೆಲೆಯ ಮೊಣಕಾಲಾದರೂ ನೋಯುವ ಗೂಡಿನ ಕೆಳಗೆ ನಿರರ್ಥಕವಾಗುವುದರಿಂದ, ನಾಚಿಕೆಪಡದೆ ಮತ್ತೆ ಮತ್ತೆ ಕಾಲು ಮಾಡಿಕೊಟ್ಟವರಲ್ಲಿಗೆ ಹೋಗಿ ಸರಿಪಡಿಸಿಕೊಳ್ಳಬೇಕು.

ಎರಡನೆಯದು, ಕಣ್ಣಿನ ಕೆಲಸವನ್ನು ಹಗುರಮಾಡುವುದು. ನಡೆಯುವ ದಾರಿಯಲ್ಲಿ ಜಾರುವ ಚಾಪೆ, ಮಕ್ಕಳ ಆಟಿಕೆ, ನೀರಿನ ಕೊಡ ಇರಬಾರದು. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಲ್ಲಿ ಸಣ್ಣ ದೀಪವಿರಬೇಕು. ಸಾಮಾನುಗಳ ಸ್ಥಳವನ್ನು ಹೇಳದೆ ಬದಲಾಯಿಸಬಾರದು. ಪರಿಚಿತವಾದ ದಾರಿಗೆ ಕಡಿಮೆ ಗಮನ ಸಾಕು.

ಮೂರನೆಯದು, ಮಾತಿನ ಹೊತ್ತನ್ನು ಅರಿಯುವುದು. ಮೆಟ್ಟಿಲನ್ನು ಇಳಿಯುತ್ತಿರುವವರನ್ನು ಹಿಂದಿನಿಂದ ಕೂಗಬೇಡಿರಿ. ರಸ್ತೆಯನ್ನು ದಾಟುವಾಗ ಮನೆಯ ಲೆಕ್ಕವನ್ನು ಕೇಳಬೇಡಿರಿ. ಬಿಸಿಯಾದ ಪಾತ್ರೆಯನ್ನು ಕೈಗೆ ಕೊಡುವ ಮೊದಲು ಅದು ಎರಡನೆಯ ಅವಧಾನವೆಂಬುದನ್ನು ನೆನೆಯಿರಿ. ಹಾಗೆಂದು ಅವರನ್ನು ಕುಳ್ಳಿರಿಸಿ ಎಲ್ಲವನ್ನೂ ನೀವೇ ಮಾಡಿದರೆ ಅಭ್ಯಾಸವು ಬೆಳೆಯದೆ ಮೇಲೆ ಹೇಳಿದ ವಿಷವರ್ತುಲಕ್ಕೆ ದಾರಿಯಾಗುತ್ತದೆ. ಮೊದಲು ಸಮನೆಲದಲ್ಲಿ ಮೌನವಾಗಿ, ಅನಂತರ ಮಾತನಾಡುತ್ತ, ಅನಂತರ ಕೈಯಲ್ಲಿ ಲಘುವಾದ ವಸ್ತುವನ್ನು ಹಿಡಿದು, ಹೀಗೆ ಕ್ರಮಕ್ರಮವಾಗಿ ಅಭ್ಯಾಸವನ್ನು ಹೆಚ್ಚಿಸುವುದಕ್ಕೆ ಫಿಸಿಯೋಥೆರಪಿ ಬಲ್ಲವರ ಸಹಾಯವನ್ನು ಪಡೆಯತಕ್ಕದ್ದು.

ನಾಲ್ಕನೆಯದೂ ಮುಖ್ಯವಾದುದೂ ಆದ ಮಾತೊಂದಿದೆ. ಕಾಲು ಕಳೆದುಕೊಂಡ ಮಗನು ಪೇಟೆಯಿಂದ ಹಿಂದಿರುಗಿ ಮಾತನಾಡದೆ ಕುಳಿತರೆ ಮನೆಯವರು, ‘ಇವನು ಮೊದಲಿನಂತಿಲ್ಲ, ನಮ್ಮ ಮೇಲೆ ಸಿಡುಕುತ್ತಾನೆ’ ಎಂದು ನೊಂದುಕೊಳ್ಳುವುದುಂಟು. ದಾರಿಯಲ್ಲಿ ಜೊತೆಗೆ ಬಂದ ಹೆಂಡತಿಯ ಪ್ರಶ್ನೆಗೆ ಅವನು ಉತ್ತರ ಹೇಳದಿದ್ದರೆ ಅವಳಿಗೆ ಉದಾಸೀನವೆನಿಸುವುದುಂಟು. ಇದರಿಂದ ಎಷ್ಟು ಸಂಸಾರಗಳಲ್ಲಿ ಮುನಿಸು ಬೆಳೆದಿರಬಹುದು! ಅವನ ಮೌನಕ್ಕೆ ಅನೇಕವೇಳೆ ಬೇರೆಯ ಅರ್ಥವಿದೆ. ನಾವು ಸಾವಿರ ಹೆಜ್ಜೆಗಳನ್ನು ಲೆಕ್ಕವಿಲ್ಲದೆ ಇಡುತ್ತೇವೆ. ಅವನು ಆ ಸಾವಿರವನ್ನೂ ಒಂದೊಂದಾಗಿ ಲೆಕ್ಕವಿಟ್ಟು ಬಂದಿದ್ದಾನೆ. ಅವನಿಗೆ ಬೇಕಾದುದು ಮರುಕವಲ್ಲ. ಒಂದು ಲೋಟ ನೀರು, ಅರ್ಧ ಗಳಿಗೆಯ ವಿಶ್ರಾಂತಿ, ಆಮೇಲೆ ಎಂದಿನಂತೆ ಮಾತು. ದುಃಖವು ದಿನಗಟ್ಟಲೆ ಕವಿದು ಊಟನಿದ್ದೆಗಳು ಕೆಟ್ಟರೆ ಮಾತ್ರ ಅದು ಬೇರೆಯ ವಿಷಯ. ಆಗ ವೈದ್ಯರನ್ನು ಕಾಣಬೇಕು.

ಒಳ್ಳೆಯ ಕೃತಕ ಕಾಲು ಯಾವುದೆಂದು ಆರಿಸಬೇಕಾದ ಸಂದರ್ಭವು ಯಾರಿಗಾದರೂ ಒದಗಿದರೆ, ಅದು ಎಷ್ಟು ದೂರ ನಡೆಸೀತು, ಎಷ್ಟು ವೇಗವಾಗಿ ನಡೆಸೀತು ಎಂಬ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನೂ ಕೇಳಿರಿ: ಇದನ್ನು ಧರಿಸಿ ನಡೆಯುವಾಗ ಜೊತೆಗಾರನೊಡನೆ ಮಾತನಾಡಬಹುದೆ? ಮರದ ಮೇಲಿನ ಹಕ್ಕಿಯನ್ನು ತಲೆಯೆತ್ತಿ ನೋಡಬಹುದೆ? ಯಾವ ಕಾಲು ತನ್ನನ್ನು ಮರೆಯಲು ಹೆಚ್ಚು ಅವಕಾಶವನ್ನು ಕೊಡುವುದೋ ಅದೇ ಉತ್ತಮವಾದ ಕಾಲು. ಅಂಥ ಕಾಲನ್ನು ಮಾಡುವ ಹೊಣೆಯು ಶಿಲ್ಪಿಗಳದು. ಅದನ್ನು ಮರೆತು ನಡೆಯಬಹುದಾದಂಥ ಮನೆಯನ್ನು ಸಿದ್ಧಪಡಿಸುವ ಹೊಣೆಯು ನಮ್ಮದು.